ಮಾರಕ್ಕ – ಮೃತ – ಮಕ್ಕಳಿಲ್ಲ

ಫೆಬ್ರವರಿ 3, 2025, ಸೋಮವಾರ

ಆರು ಹತ್ತರ ಟ್ರಿಪ್. ವಿಜಯಪುರ – ದೇವನಹಳ್ಳಿ – ದೊಡ್ಡಬಳ್ಳಾಪುರ. ಮಂಜು ಎಷ್ಟಿತ್ತೆಂದರೆ ಸ್ಟಾಪಿನಲ್ಲಿ ಕೈ ಒಡ್ಡಿದವರು ಹತ್ತಿರ ಬರುವವರೆಗೆ ಕಾಣಲಿಲ್ಲ. ದೇವನಹಳ್ಳಿಯಲ್ಲಿ ಹೂವಿನ ಮೂಟೆಗಳು ಹತ್ತಿದವು, ಅವುಗಳ ಹಿಂದೆ ಒಂದು ಜಗಳವೂ ಹತ್ತಿತು. ಮೂಟೆ ಹಿಂದಕ್ಕೆ, ಜನ ಮುಂದಕ್ಕೆ, ಬಾಯಿ ಮುಚ್ಚಿ — ಮೂರು ಮಾತಿಗೆ ಮುಗಿಸಿದೆ. ಹದಿನೆಂಟು ವರ್ಷದ ಕಂಡಕ್ಟರ್ ಸರ್ವೀಸ್ ಸುಮ್ಮನೆ ಅಲ್ಲ.

ವಾಪಸ್ ಬರುವಾಗ ದೊಡ್ಡಬಳ್ಳಾಪುರದಲ್ಲಿ ಒಬ್ಬ ಅಜ್ಜಿ ಹತ್ತಿತು. ಫ್ರೀ ಟಿಕೆಟ್ಟಿಗೆ ಆಧಾರ್ ತೋರಿಸಿತು. ವಿಳಾಸ ಓದುವ ಅಗತ್ಯವಿರಲಿಲ್ಲ. ಕಣ್ಣು ಹೋಯಿತು — ಹುಣಸೆಪಾಳ್ಯ. ಮಾಕಳಿದುರ್ಗದ ಬುಡದ ಹಳ್ಳಿ.

"ನಮ್ಮಪ್ಪನ ಊರು" ಎಂದುಬಿಟ್ಟೆ.

"ಯಾರ ಮಗಳಮ್ಮಾ ನೀನು?"

"ಅಪ್ಪಯ್ಯಣ್ಣ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ದನಿ ತಗ್ಗಿಸಿತು. "ಮಾರಕ್ಕನ ಮಗಳಾ? ಅಯ್ಯೋ, ನಿಮ್ಮಪ್ಪ ಹೋಗಿ ಎರಡು ತಿಂಗಳಾಯ್ತಲ್ಲ ಕಣಮ್ಮ. ತಿಥಿನೂ ಆಗೋಯ್ತು. ನಿಮಗ್ಯಾರೂ ಹೇಳ್ಲಿಲ್ವಾ?"

ಹಿಂದಿನಿಂದ ಯಾರೋ "ಟಿಕೆಟ್" ಎಂದರು. ಹೋಗಿ ಕೊಟ್ಟು ಬಂದೆ. ಚಿಲ್ಲರೆಯನ್ನೂ ಸರಿಯಾಗಿ ಎಣಿಸಿ ಕೊಟ್ಟಿದ್ದೆ. ಅದೇ ಆಶ್ಚರ್ಯ.

ಅಪ್ಪನನ್ನು ನಾನು ನೋಡಿರುವುದು ಮೂರೇ ಸಲ. ಒಂದು, ಚಿಕ್ಕವಳಿದ್ದಾಗ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ, ಅಮ್ಮ ದೂರದಿಂದ ತೋರಿಸಿದಳು. ಎರಡು, ನನ್ನ ಮದುವೆಯ ದಿನ, ಛತ್ರದ ಬಾಗಿಲಲ್ಲಿ ನಿಂತು ಊಟ ಮಾಡದೆ ಹೋದ. ಮೂರು, ನನ್ನದೇ ಬಸ್ಸಿನಲ್ಲಿ. ಎದೆಯ ಮೇಲಿನ ನೇಮ್ ಪ್ಲೇಟ್ ಓದಿದ. "ಎಲ್ಲಿಗೆ?" ಎಂದೆ. ಊರ ಹೆಸರು ಹೇಳಿದ. ಟಿಕೆಟ್ ಕೊಟ್ಟೆ. "ಮುಂದೆ ನಡೀರಿ" ಎಂದೆ. ನಡೆದ.

ನಾಲ್ಕನೆಯದು ಇಲ್ಲ.

ಫೆಬ್ರವರಿ 4, ಮಂಗಳವಾರ, ಬೆಳಿಗ್ಗೆ 5

ನಿನ್ನೆ ಸಂಜೆ ಅಮ್ಮನಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದಳು.

"ಯಾವಾಗ?"

"ಎರಡು ತಿಂಗಳಾಯ್ತಂತೆ."

ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕು ಕಾಯಿ ಬಿಡಿಸಿದಳು. "ಕಾಯಿಲೆ ಗೀಯಿಲೆ ಆಗಿತ್ತಾ?" ಗೊತ್ತಿಲ್ಲ ಎಂದೆ. ಅಷ್ಟೇ. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಅವಳಿಗೆ ಎರಡೂ ಬರಲಿಲ್ಲ.

ಈಗ ಎದ್ದು ನೋಡಿದರೆ ಹಣೆಯಲ್ಲಿ ಕುಂಕುಮ ಎಂದಿನ ಹಾಗೇ ಇದೆ. ಬಾಯಿಬಿಟ್ಟು ಕೇಳಿದೆ.

"ಅವನಿಗೋಸ್ಕರ ಇಟ್ಕೋತಿದ್ದೆ ಅಂತ ಯಾರು ಹೇಳಿದ್ದು ನಿಂಗೆ?"

ಅಮ್ಮ ನನ್ನ ಹೆರಿಗೆಗೆಂದು ವಿಜಯಪುರದ ತವರಿಗೆ ಬಂದವಳು. ಹೆಣ್ಣು ಹುಟ್ಟಿತು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಕಥೆ ಅಷ್ಟೇ. ಜಗಳವಿಲ್ಲ, ಪಂಚಾಯ್ತಿಯಿಲ್ಲ, ಕೋರ್ಟಿಲ್ಲ. ಮೂರು ವರ್ಷ ಕಳೆದ ಮೇಲೆ, ಗೂಡು ಮಾರಲು ಬಂದವರ ಬಾಯಲ್ಲಿ, ಅಪ್ಪ ಇನ್ನೊಂದು ಮದುವೆಯಾದ ಸುದ್ದಿ ಬಂತು. ಅಷ್ಟರಲ್ಲಿ ಅಮ್ಮ ರೀಲಿಂಗ್ ಘಟಕದಲ್ಲಿ ಕುದಿನೀರಿನ ಮುಂದೆ ಕೂತು ರೇಷ್ಮೆ ತೆಗೆಯುತ್ತಿದ್ದಳು. ನನ್ನನ್ನು ಓದಿಸಿದ್ದು ಆ ನೂಲು.

ಫೆಬ್ರವರಿ 6, ಗುರುವಾರ, ವೀಕ್ ಆಫ್

ಮಂಗಳವಾರದಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಅಪ್ಪನ ಜಮೀನಿನಲ್ಲಿ ನನಗೆ ಪಾಲು ಇದೆಯೋ ಇಲ್ಲವೋ?

ಕೇಳಿದವರೆಲ್ಲ ವಕೀಲರೇ. ನಮ್ಮ ಡ್ರೈವರ್: "ಮದ್ವೆ ಆಗಿ ಹೋದ್ಮೇಲೆ ಮುಗೀತು ಮೇಡಂ." ಟೀ ಅಂಗಡಿಯವನು: "ಆ ಮನೇಲಿ ಒಂದಿನಾನೂ ಇರ್ಲಿಲ್ಲ, ಎಲ್ಲಿಂದ ಬರುತ್ತೆ?" ಪಕ್ಕದ ಮನೆಯ ಪವಿತ್ರ: "ನಿಮ್ಮಮ್ಮನೇ ಬಿಟ್ಟು ಬಂದಿದ್ದಲ್ವಾ ಅಕ್ಕ?" ಬಿಟ್ಟು ಬಂದದ್ದಲ್ಲ ಎಂದು ವಿವರಿಸುವುದಕ್ಕೆ ಅರ್ಧ ಗಂಟೆ ಹೋಯಿತು.

ದೇವೇಂದ್ರ ಫ್ಯಾಕ್ಟರಿಯಿಂದ ಬಂದು ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ನನ್ನ ಗಂಡ ದಿನವಿಡೀ ನೂಲು ಹುರಿ ಮಾಡುವ ಮೆಷಿನ್ನಿನ ಸದ್ದಿನಲ್ಲಿ ಇರುವವನು, ಮನೆಯಲ್ಲಿ ಮಾತು ಕಡಿಮೆ.

"ಪಾಲು ಇದ್ಯಾ ಇಲ್ವಾ ಅಂತ ಡಿಪೋದಲ್ಲಿ ಕೇಳಿದ್ರೆ ಹೆಂಗೆ? ಕಾಗದ ಎಲ್ಲಿದೆಯೋ ಅಲ್ಲಿ ಹೋಗಿ ಕೇಳು."

ಸರಿ. ಮುಂದಿನ ಗುರುವಾರ ಅದೇ ಕೆಲಸ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ 2

ಹುಣಸೆಪಾಳ್ಯದ ಗ್ರಾಮ ಆಡಳಿತಾಧಿಕಾರಿ ಕಚೇರಿ. ಬೀಗ ಹಾಕಿತ್ತು, ಫೀಲ್ಡಿಗೆ ಹೋಗಿದ್ದಾರಂತೆ. ಕಾಯುತ್ತ ಗೋಡೆಯ ನೋಟಿಸ್ ಓದುತ್ತ ನಿಂತೆ. ಮೂರನೆಯ ಹಾಳೆ ಅಪ್ಪನದು. ಪೌತಿ ಖಾತೆ ಅರ್ಜಿ — ಸತ್ತವನ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾಯಿಸಲು. ತಕರಾರು ಇದ್ದವರು ತಿಳಿಸಬೇಕು. ಪಕ್ಕದಲ್ಲೇ ವಂಶವೃಕ್ಷ.

ಹಾಗೇ ಬರೆದುಕೊಂಡಿದ್ದೇನೆ:

ಅಪ್ಪಯ್ಯಣ್ಣ (ಮೃತ). ಮೊದಲ ಹೆಂಡತಿ ಮಾರಕ್ಕ – ಮೃತ – ಮಕ್ಕಳಿಲ್ಲ. ಎರಡನೇ ಹೆಂಡತಿ ಅಮ್ಮಯಮ್ಮ. ಮಗ ಬೈರೇಶ್. ಮಗಳು ನವ್ಯಶ್ರೀ.

ಎರಡು ಸಲ ಓದಿದೆ. ಮೂರನೇ ಸಲ ಜೋರಾಗಿ ಓದಿದೆ. ಬೆಳಿಗ್ಗೆ ನನಗೆ ಮುದ್ದೆ ಬಡಿಸಿ ಕಳಿಸಿದವಳು ಮೃತ. ಇಲ್ಲಿ ನಿಂತು ಓದುತ್ತಿರುವ ನಾನು ಇಲ್ಲವೇ ಇಲ್ಲ.

ಫೋಟೋ ತೆಗೆದೆ. ನಾಲ್ಕು ತೆಗೆದೆ. ಒಂದು ಅಲುಗಿರಬಹುದು.

ನೋಟಿಸಿನ ಗಡುವು ಮುಂದಿನ ಗುರುವಾರದ ಒಳಗೆ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ನನಗೆ ಪಾಲೇ ಇಲ್ಲದಿದ್ದರೆ ನನ್ನನ್ನು ಅಳಿಸುವ ಕಷ್ಟ ಯಾರು ತೆಗೆದುಕೊಳ್ಳುತ್ತಿದ್ದರು?

ಫೆಬ್ರವರಿ 14, ಶುಕ್ರವಾರ

ನಿಶತ್ ಮೇಡಂ ದೇವನಹಳ್ಳಿಯಲ್ಲಿ ಹತ್ತುತ್ತಾರೆ, ದೊಡ್ಡಬಳ್ಳಾಪುರ ಕೋರ್ಟಿಗೆ. ಆರು ವರ್ಷದಿಂದ ಅದೇ ಮೂರನೇ ಸೀಟು, ಕರಿ ಕೋಟು ಮಡಿಲಲ್ಲಿ. ಇವತ್ತು ಪಕ್ಕದಲ್ಲಿ ಕೂತೆ. ಡ್ಯೂಟಿಯಲ್ಲಿ ನಾನು ಕೂರುವವಳಲ್ಲ. ಅವರು ಹುಬ್ಬೇರಿಸಿದರು. ಫೋನ್ ತೋರಿಸಿದೆ.

ಓದಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಾಯಿ ಇದ್ದಾರಾ?"

"ಇದಾರೆ. ನಿನ್ನೆ ನನ್ನ ಬೈದ್ರು ಕೂಡ."

"ಜಮೀನು ನಿಮ್ಮಪ್ಪ ಕೊಂಡಿದ್ದಾ, ಹಿರಿಯರಿಂದ ಬಂದಿದ್ದಾ?"

"ಮುತ್ತಾತನ ಕಾಲದ್ದಂತೆ."

"ಯಾವಾಗಾದ್ರೂ ಭಾಗ ಆಗಿದ್ಯಾ? ನೀವು ಎಲ್ಲಾದ್ರೂ ಸಹಿ ಹಾಕಿದೀರಾ?"

"ಯಾರೂ ಕೇಳೇ ಇಲ್ಲ."

ಕೋಟು ಮಡಚಿ ಆ ಕಡೆ ಇಟ್ಟರು. "ಶಾಮಲಾ, ಆ ಮನೇಲಿ ಬೆಳೆದ್ರಾ ಇಲ್ವಾ, ಮದ್ವೆ ಆಯ್ತಾ ಇಲ್ವಾ — ಅದ್ಯಾವುದೂ ಲೆಕ್ಕಕ್ಕಿಲ್ಲ. ಮಗಳಾಗಿ ಹುಟ್ಟಿದ್ರೆ ಸಾಕು. ಹುಟ್ಟಿದೀರಿ. ಅದನ್ನ ತೋರಿಸೋಕೆ ಒಂದು ಕಾಗದ ಬೇಕು, ಅಷ್ಟೇ. ಮೊದಲು ತಕರಾರು ಅರ್ಜಿ ಹಾಕಿ."

ಅಷ್ಟರಲ್ಲಿ ನಾಲ್ಕು ಸ್ಟಾಪ್ ದಾಟಿತ್ತು. ಎದ್ದು ಹೋಗಿ ಟಿಕೆಟ್ ಕೊಟ್ಟೆ. ಇವತ್ತು ನನ್ನ ವಿಸಿಲ್ ಡಿಪೋದವರೆಗೆ ಕೇಳಿಸಿರಬೇಕು.

ಫೆಬ್ರವರಿ 18, ಮಂಗಳವಾರ

ಅರ್ಜಿ ಕೊಟ್ಟೆ. ಅರ್ಧ ದಿನ ರಜೆ. ಸ್ವೀಕೃತಿಗೆ ಸೀಲು ಹಾಕಿಸಿಕೊಂಡೆ. ಆಡಳಿತಾಧಿಕಾರಿ ಹೊಸ ಹುಡುಗ, ಸುನಿಲ್‌ಕುಮಾರ್. ಓದಿದ, ತಲೆ ಎತ್ತಿದ.

"ಮೇಡಂ, ಅವರು ಅಫಿಡವಿಟ್ ಕೊಟ್ಟಿದ್ರು, ಊರಿನವರು ಸಾಕ್ಷಿ ಹಾಕಿದ್ರು..."

"ನಾನು ನಮ್ಮಮ್ಮನ್ನೇ ಕರ್ಕೊಂಡು ಬರ್ತೀನಿ."

ಅವನಿಗೆ ನಗು ಬಂತು, ತಡೆದುಕೊಂಡ. ವಿಚಾರಣೆ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತದಂತೆ, ದಿನಾಂಕ ತಿಳಿಸುತ್ತಾರಂತೆ.

ಶಾಲೆಯ ದಾಖಲೆ ಸಿಕ್ಕಿದೆ: ತಂದೆ ಅಪ್ಪಯ್ಯಣ್ಣ, ಹುಣಸೆಪಾಳ್ಯ. ಅಮ್ಮನ ಆಧಾರಿನಲ್ಲೂ ಗಂಡನ ಹೆಸರು ಅದೇ. ನನ್ನ ಮದುವೆಯ ಲಗ್ನಪತ್ರಿಕೆಯನ್ನು ಅಮ್ಮ ಅಟ್ಟದಿಂದ ತಾನೇ ಇಳಿಸಿ ತಂದು ಮುಂದಿಟ್ಟಳು. ಏಕೆ ಎಂದು ಕೇಳಲಿಲ್ಲ, ಬೇಡ ಎನ್ನಲೂ ಇಲ್ಲ. ಆದರೆ ತನ್ನನ್ನು ಸತ್ತವಳೆಂದು ಬರೆದಿದ್ದಾರೆ ಎಂದಾಗ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಯಾವತ್ತು ಸತ್ತೆ ಅಂತ ಬರ್ದವ್ರೆ?"

ದಿನಾಂಕ ಇಲ್ಲ ಎಂದೆ.

"ಅಷ್ಟೂ ಬರೆಯೋಕೆ ಆಗ್ಲಿಲ್ವಾ."

ಮಾರ್ಚ್ 4, ಮಂಗಳವಾರ

ಬೈರೇಶ್ ಬಂದ. ಮನೆಗಲ್ಲ, ಬಸ್ಸಿಗೆ.

ದೊಡ್ಡಬಳ್ಳಾಪುರ ಸ್ಟ್ಯಾಂಡಿನಲ್ಲಿ ಹತ್ತಿದ. ನಲವತ್ತರ ಆಸುಪಾಸು, ಬಿಳಿ ಅಂಗಿ, ತೋಳಿಗೆ ಬಿಸಿಲ ಕಲೆ. "ಕೊನೇ ಸ್ಟಾಪು" ಎಂದ. ಮುಖ ನೋಡಿದ ತಕ್ಷಣ ಗೊತ್ತಾಯಿತು. ಅಪ್ಪನ ಮೂಗು. ಕನ್ನಡಿಯಲ್ಲಿ ನಾನು ದಿನಾ ನೋಡುವ ಮೂಗು.

ಟಿಕೆಟ್ ಕೊಟ್ಟೆ. ವಿಜಯಪುರ ಬಂದು ಬಸ್ ಖಾಲಿಯಾಗುವವರೆಗೆ ಸೀಟಿನಲ್ಲೇ ಕೂತಿದ್ದ. ಡ್ರೈವರ್ ಟೀಗೆ ಇಳಿದ.

"ಅಕ್ಕ, ನಾನು ಬೈರೇಶ್."

"ಗೊತ್ತಾಯ್ತು."

"ದೇವರಾಣೆ ನಂಗೆ ನೀವಿದೀರ ಅಂತ ಗೊತ್ತಿರ್ಲಿಲ್ಲ. ದೊಡ್ಡಮ್ಮ ಬಾಣಂತನದಲ್ಲಿ ತೀರ್ಕೊಂಡ್ರು, ಮಗೂನೂ ಹೋಯ್ತು ಅಂತ ನಮ್ಮಜ್ಜಿ ಹೇಳ್ತಿದ್ಲು. ಅದನ್ನೇ ಬರೆಸಿದೆ."

ನಂಬಬೇಕೋ ಬೇಡವೋ — ಮುಖ ನೋಡಿದರೆ ನಂಬಿಕೆ ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ.

"ತಕರಾರು ವಾಪಸ್ ತಗೊಳ್ಳಿ ಅಕ್ಕ. ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ಬಿಡಿ. ನಿಮಗೂ ತವರು ಅಂತ ಒಂದಾಗುತ್ತೆ. ಗೌರಿ ಹಬ್ಬಕ್ಕೆ ಬಾಗಿನ, ಸೀರೆ, ಎಲ್ಲಾ ನಾನು ಮಾಡ್ತೀನಿ. ವರ್ಷ ವರ್ಷ ಬಂದು ಹೋಗಿ."

ನನಗೆ ನಲವತ್ತೇಳು. ತವರಿನ ಬಾಗಿನ ಎಂದರೆ ಏನೆಂದು ಬೇರೆಯವರ ಕೈಯಲ್ಲಿ ನೋಡಿ ಗೊತ್ತು. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳಲಾರೆ.

"ತವರು ಕೊಡೋಕೆ ನೀನ್ಯಾರು ಬೈರೇಶ? ನಾನು ಹುಟ್ಟಿದಾಗಲೇ ಅದು ಇತ್ತು. ಸೀರೆ ಕೊಡ್ತೀಯ, ತಗೋತೀನಿ. ಸಹಿಗೂ ಸೀರೆಗೂ ಗಂಟು ಹಾಕ್ಬೇಡ."

"ಹತ್ತು ವರ್ಷದಿಂದ ಆ ನೆಲ ಗೇಯ್ತಿರೋದು ನಾನಕ್ಕ." ಅವನ ದನಿ ಮೊದಲ ಬಾರಿಗೆ ಬಿಸಿಯಾಯಿತು. "ಅಪ್ಪನ ಮಲಮೂತ್ರ ಬಳಿದಿದ್ದು ನಮ್ಮಮ್ಮ. ಆಗ ನೀವ್ಯಾರೂ ಇರ್ಲಿಲ್ಲ."

ಅದಕ್ಕೆ ಉತ್ತರ ಇತ್ತು — ಯಾರೂ ಕರೆಯಲಿಲ್ಲ ಎಂದು. ಹೇಳಲಿಲ್ಲ. ಅವನು ಹೇಳಿದ್ದೂ ನಿಜವೇ.

ಇಳಿದು ಹೋಗುವಾಗ ಬಾಗಿಲ ಹತ್ತಿರ ಎಡವಿದ. "ಮೆಟ್ಲು ನೋಡ್ಕೊಂಡು" ಎಂದೆ. ಅಭ್ಯಾಸ.

ಮಾರ್ಚ್ 13, ಗುರುವಾರ, ಸಂಜೆ

ನಿಶತ್ ಮೇಡಂ ಕಚೇರಿ. ಎಲ್ಲ ಕಾಗದ ಹರಡಿಕೊಂಡು ಕೂತಿದ್ದರು. ಪಹಣಿ ತೆಗೆಸಿದ್ದಾರೆ. ಮನೆಯ ಹಿಂದಿನ ಹೊಲ, ದ್ರಾಕ್ಷಿ ಚಪ್ಪರ ಸಮೇತ. ಹಳ್ಳದ ಹೊಲ, ಮಳೆ ನಂಬಿದ ನೆಲ. ಎರಡೂ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ.

"ನಿಮಗೆ ಪಾಲಿದ್ಯಾ ಅಂತ ಕೇಳಿದ್ರಿ. ಈಗ ಸರಿಯಾಗಿ ಕೇಳಿಸ್ಕೊಳ್ಳಿ. ನಿಮ್ಮ ತಾಯಿಗೆ ವಿಚ್ಛೇದನ ಆಗಿಲ್ಲ, ಅವರು ಬದುಕಿದ್ದಾರೆ. ಹಂಗಿರುವಾಗ ನಿಮ್ಮಪ್ಪ ಮಾಡ್ಕೊಂಡ ಎರಡನೇ ಮದುವೆ ಕಾನೂನಿಗೆ ಮದುವೆನೇ ಅಲ್ಲ. ಅಮ್ಮಯಮ್ಮಂಗೆ ಹೆಂಡತಿ ಅಂತ ಏನೂ ಬರಲ್ಲ."

"ಮಕ್ಕಳಿಗೆ?"

"ಮಕ್ಕಳ ತಪ್ಪಿಲ್ಲ, ಅವರಿಗಿದೆ. ಆದ್ರೆ ನಿಮ್ಮಪ್ಪನ ಭಾಗದಲ್ಲಿ ಮಾತ್ರ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕಿರೋದು ನಿಮ್ಮಪ್ಪಂಗೆ, ಆಮೇಲೆ ನಿಮಗೆ. ಹಂಗೆ ನೋಡಿದ್ರೆ ಅರ್ಧ ನಿಮ್ಮದೇ. ಉಳಿದರ್ಧ ಅಪ್ಪಂದು — ಅದರಲ್ಲಿ ನೀವು, ನಿಮ್ಮ ತಾಯಿ, ಆ ಇಬ್ಬರು ಮಕ್ಕಳು, ನಾಲ್ಕೂ ಜನ."

ಮತ್ತೊಮ್ಮೆ ಹೇಳಿಸಿದೆ. ಒಂದು ಪಾಲು ಇದೆಯಾ ಎಂದು ಕೇಳಲು ಹೋದವಳು ಅರ್ಧಕ್ಕಿಂತ ಹೆಚ್ಚಿನ ಒಡತಿಯಾಗಿ ಹೊರಗೆ ಬಂದೆ. ಹುಟ್ಟಿಯೇ ಇಲ್ಲ ಎಂದು ಬರೆಸಿಕೊಂಡವಳು!

ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಅಷ್ಟು ನೆಟ್ಟಗೆ ಯಾವತ್ತೂ ನಡೆದಿರಲಿಲ್ಲ. ಕಬ್ಬಿನ ಹಾಲು ಕುಡಿದೆ. ಮನೆ ಸೇರುವ ಹೊತ್ತಿಗೆ ಆ ಅಮ್ಮಯಮ್ಮನ ನೆನಪು ಬಂತು. ಮುಖವನ್ನೇ ನೋಡಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಹೋಗಿ ನೀನು ಹೆಂಡತಿಯಲ್ಲ ಎನ್ನಬಹುದು. ಕಾಗದವಿದೆ, ಕಾನೂನಿದೆ, ವಕೀಲರಿದ್ದಾರೆ.

ನನ್ನಮ್ಮನಿಗೆ ಅದನ್ನೇ ಮಾಡಿದರಲ್ಲ, ಯಾವ ಕಾಗದವೂ ಇಲ್ಲದೆ.

ಏಪ್ರಿಲ್ 2, ಬುಧವಾರ

ಇಪ್ಪತ್ತು ದಿನ ಏನೂ ಬರೆದಿಲ್ಲ. ಡಬಲ್ ಡ್ಯೂಟಿ, ಯುಗಾದಿ ರಶ್.

ಸುಳ್ಳು. ಬರೆಯಲು ಮನಸ್ಸಾಗಲಿಲ್ಲ. ಏನು ಬೇಕು ಎಂದು ನನಗೇ ಗೊತ್ತಾಗಿರಲಿಲ್ಲ. ಒಂದು ದಿನ ಎಲ್ಲವೂ ಬೇಕು, ದ್ರಾಕ್ಷಿ ಚಪ್ಪರ, ಮನೆ, ಜಗಲಿ. ಇನ್ನೊಂದು ದಿನ ಬರೀ ಆ ಗೋಡೆಯ ಮೇಲಿನ ಸಾಲು ಅಳಿಸಿದರೆ ಸಾಕು.

ವಿಚಾರಣೆಯ ದಿನಾಂಕ ಬಂತು. ಹದಿನೇಳು. ಅಮ್ಮನಿಗೆ ಹೇಳಿದೆ. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. "ಯಾವ ಸೀರೆ ಉಟ್ಕೊಳ್ಲಿ?" ಎಂದಳು.

ಏಪ್ರಿಲ್ 17, ಗುರುವಾರ

ಪೂರ್ತಿ ಬರೆಯಬೇಕು ಇವತ್ತಿನದು.

ತಾಲ್ಲೂಕು ಕಚೇರಿ. ಬೆಂಚಿನ ಈ ಕಡೆ ನಾವಿಬ್ಬರು, ನಿಶತ್ ಮೇಡಂ. ಆ ಕಡೆ ಬೈರೇಶ್, ಅವನ ಪಕ್ಕ ಬಿಳಿಚಿಕೊಂಡ ಹೆಂಗಸು, ಸೆರಗು ತಲೆಯ ಮೇಲೆ. ನವ್ಯಶ್ರೀ ಚಿಂತಾಮಣಿಯಲ್ಲಿ ಗಂಡನ ಮನೆ, ಬಂದಿರಲಿಲ್ಲ. ಸಾಹೇಬರು ಕಡತ ನೋಡುತ್ತ ತಲೆ ಎತ್ತದೆ ಕೂಗಿದರು.

"ಮಾರಕ್ಕ... ಮಾರಕ್ಕ ಅನ್ನೋರು..."

"ಇದೀನಿ ಸ್ವಾಮಿ" ಎಂದಳು ಅಮ್ಮ, ಎದ್ದು ನಿಂತು.

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಸಾಹೇಬರು ಕನ್ನಡಕ ತೆಗೆದು ನೋಡಿದರು. ಆಧಾರ್ ನೋಡಿದರು. ಶಾಲೆಯ ದಾಖಲೆ, ಲಗ್ನಪತ್ರಿಕೆ. ಬೈರೇಶನನ್ನು ಕೇಳಿದರು, "ಏನಪ್ಪಾ, ಇದಕ್ಕೇನಂತೀಯ?" ಅವನು ಏಳುವ ಮುಂಚೆ ಅಮ್ಮಯಮ್ಮ ಎದ್ದಳು.

"ಅವ್ರೇ ಸ್ವಾಮಿ. ಅವ್ರೇ ಹಿರೀರು."

ಬೈರೇಶ್ ಅವಳ ಕಡೆ ತಿರುಗಿದ. ಆ ಮುಖ ನನಗೆ ಮರೆಯುವುದಿಲ್ಲ.

ಹೇಳಿಕೆ ಬರೆದುಕೊಂಡು ಕಳಿಸಿದರು. ಹೊರಗೆ ಹೊಂಗೆ ಮರದ ನೆರಳು. ನಾನು ಅಮ್ಮನನ್ನು ಬೇಗ ಕರೆದುಕೊಂಡು ಹೋಗಬೇಕೆಂದಿದ್ದೆ. ಅಮ್ಮ ಕಟ್ಟೆಯ ಮೇಲೆ ಕೂತೇಬಿಟ್ಟಳು. ಅಮ್ಮಯಮ್ಮ ಬಂದು ಸ್ವಲ್ಪ ದೂರದಲ್ಲಿ ಕೂತಳು.

"ನಾನು ಸತ್ತೆ ಅಂತ ನಿಂಗೆ ಯಾರು ಹೇಳಿದ್ದು?" ಅಮ್ಮನ ಪ್ರಶ್ನೆ.

"ಅತ್ತೆ. ಮದ್ವೆ ಮಾತುಕತೆಲೇ ಹೇಳಿದ್ರು. ಸತ್ತೋರ ಜಾಗಕ್ಕೆ ಅಂತಾನೇ ನಮ್ಮಪ್ಪ ಕೊಟ್ಟಿದ್ದು."

"ಯಾವಾಗ ಗೊತ್ತಾಯ್ತು?"

ಅಮ್ಮಯಮ್ಮ ಮಗನ ಕಡೆ ನೋಡಲಿಲ್ಲ. "ಬೈರೇಶ ಅಂಬೆಗಾಲಿಡ್ತಿದ್ದ. ನವ್ಯ ಹೊಟ್ಟೇಲಿದ್ಲು. ಸಂತೇಲಿ ಒಬ್ಳು ಹೇಳಿದ್ಲು, ನಿನ್ನ ಸವತಿ ವಿಜಯಪುರದಲ್ಲಿ ರೇಷ್ಮೆ ತೆಗೀತವ್ಳೆ ಅಂತ. ನಾನ್ಯಾರಿಗೆ ಹೇಳ್ಲಿ ಅಕ್ಕ? ಹೇಳಿದ್ರೆ ನಾನೇನಾಗ್ಬೇಕು? ಮುಚ್ಕೊಂಡೆ. ಮಗಂಗೂ ಮುಚ್ಚಿದೆ."

"ಇಷ್ಟು ವರ್ಷ ಗೊತ್ತಿತ್ತಾ ನಿಂಗೆ?" ಬೈರೇಶ್ ಕೇಳಿದ. "ಮತ್ತೆ ಅಫಿಡವಿಟ್ಗೆ ಸಹಿ ಹಾಕ್ಸ್ದೆ ನನ್ ಕೈಲಿ?"

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

ಅಮ್ಮ ಅವಳ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಕೇಳಿದಳು, "ಆ ಮುದುಕಿ ನಿಂಗೂ ಉಪ್ಪಿಲ್ಲದ ಸಾರು ಹಾಕ್ತಿದ್ಲಾ?"

ಅಮ್ಮಯಮ್ಮ ತಲೆ ಎತ್ತಿದಳು. "ಅವ್ರು ಇರೋಗಂಟ."

ಅಮ್ಮ ನಕ್ಕಳು. ನಿಜವಾದ ನಗು. ನಾನೂ ಬೈರೇಶನೂ ಕಟ್ಟೆಯ ಎರಡು ತುದಿಯಲ್ಲಿ ನಿಂತು ಇಬ್ಬರು ಮುದುಕಿಯರನ್ನು ನೋಡುತ್ತಿದ್ದೆವು. ಅವನು ಹೋಗಿ ನಾಲ್ಕು ಟೀ ತಂದ.

ಏಪ್ರಿಲ್ 24, ಗುರುವಾರ

ನಿರ್ಧಾರ ಆಯಿತು. ಹೇಗಾಯಿತು ಎಂದು ಬರೆದಿಡುತ್ತೇನೆ, ಆಮೇಲೆ ನಾನೇ ಬೇರೆ ಥರ ಹೇಳಿಕೊಳ್ಳಬಾರದು.

ಆ ಅಮ್ಮಯಮ್ಮನನ್ನು ನೋಡಿದ ಮೇಲೆ ಮನಸ್ಸು ಕರಗಿತ್ತು. ಅಮ್ಮನಿಗೆ ಹೇಳಿದೆ, "ಬಿಟ್ಬಿಡೋಣ ಕಣಮ್ಮ. ಹೆಸರು ಸರಿ ಮಾಡಿಸ್ಕೊಂಡು ಸುಮ್ನಿದ್ಬಿಡೋಣ."

ಅಮ್ಮ ನನ್ನನ್ನು ನೋಡಿದ ರೀತಿಗೆ ನಾನು ಏಳು ವರ್ಷದವಳಾದೆ.

"ಅವನದ್ದು ನಂಗೆ ಒಂದು ಹಿಡಿ ಮಣ್ಣು ಬೇಡ. ಅವನ ಭಾಗ ಅಂತ ವಕೀಲ್ರು ಏನಂದ್ರೋ, ಅದರಲ್ಲಿ ನನ್ನ ಪಾಲು ಆ ಅಮ್ಮಯಮ್ಮನ ಮಕ್ಕಳಿಗೇ ಹೋಗ್ಲಿ. ಅವ್ಳು ಅವನ್ನ ನೋಡ್ಕೊಂಡವ್ಳೆ. ಆದ್ರೆ ನಿಂದು ಅವನದ್ದಲ್ಲ. ನೀನು ಹುಟ್ಟಿದ್ದಕ್ಕೆ ಬಂದಿದ್ದು. ನೀನು ಹುಟ್ಟಿದ್ದಕ್ಕೇ ನನ್ನ ಯಾರೂ ಕರೆಯೋಕೆ ಬರ್ಲಿಲ್ಲ ಕಣೇ. ಅದನ್ನ ಬಿಟ್ಟುಕೊಟ್ಟು ಬಂದ್ರೆ ಮನೆಗೆ ಬರ್ಬೇಡ."

ಹೀಗಾಗಿ: ನನ್ನ ಅರ್ಧ ನನಗೆ, ಹಳ್ಳದ ಹೊಲ. ಅಪ್ಪನ ಅರ್ಧದಲ್ಲಿ ನನ್ನ ಪಾಲು, ಅಮ್ಮನ ಪಾಲು ಎರಡೂ ಬಿಡುತ್ತೇವೆ. ದ್ರಾಕ್ಷಿ ಹೊಲ, ಮನೆ ಅವರಿಗೆ, ಅಮ್ಮಯಮ್ಮ ಇರುವವರೆಗೆ ಅಲ್ಲೇ ಇರಬೇಕು ಎಂದು ಬರೆಸಬೇಕು. ನಿಶತ್ ಮೇಡಂ "ಇನ್ನೂ ಜಾಸ್ತಿ ಬರುತ್ತೆ, ದಾವೆ ಹಾಕಿದ್ರೆ" ಎಂದರು. ವರ್ಷ ಎಷ್ಟು ಎಂದೆ. ಅವರು ನಕ್ಕರು.

ದೊಡ್ಡತನ ಏನಲ್ಲ ಇದು. ನನ್ನ ಅರ್ಧದಲ್ಲಿ ಒಂದು ಗುಂಟೆ ಬಿಟ್ಟಿಲ್ಲ.

ಬೈರೇಶನಿಗೆ ಫೋನಿನಲ್ಲಿ ಹೇಳಿದೆ. "ಹಳ್ಳದ ಹೊಲದಲ್ಲಿ ಈ ಸಲ ರಾಗಿ ಚೆನ್ನಾಗಿ ಬಂದಿತ್ತಕ್ಕ" ಎಂದ. ಅದು ಒಪ್ಪಿಗೆಯೋ ದುಃಖವೋ — ಎರಡೂ ಇರಬೇಕು. ನವ್ಯಶ್ರೀಯನ್ನು ತಾನೇ ಒಪ್ಪಿಸುತ್ತೇನೆ ಎಂದ.

ಮೇ 22, ಗುರುವಾರ

ಪಾಲುಪಟ್ಟಿ ನೋಂದಣಿ ಆಯಿತು. ಎಲ್ಲರೂ ಬಂದಿದ್ದರು, ನವ್ಯಶ್ರೀಯೂ. ಅವಳು ನನ್ನ ಜೊತೆ ಮಾತಾಡಲಿಲ್ಲ. ಇರಲಿ. ಎಲ್ಲ ಒಂದೇ ದಿನ ಆಗಬೇಕೆಂದು ನಾನೂ ಬಯಸಿಲ್ಲ.

ಒಂದು ಸಣ್ಣ ಯುದ್ಧ. ಕರಡಿನಲ್ಲಿ ನನ್ನ ಹೆಸರು "ಶಾಮಲಾ ಕೋಂ ದೇವೇಂದ್ರ" ಎಂದಿತ್ತು — ದೇವೇಂದ್ರನ ಹೆಂಡತಿ. ಪತ್ರ ಬರೆಯುವವರು, "ಮದ್ವೆ ಆದೋರಿಗೆ ಹಂಗೇ ಬರೆಯೋದಮ್ಮ" ಎಂದರು.

"ಈ ಜಮೀನು ದೇವೇಂದ್ರಂದಲ್ಲ. ಅಪ್ಪಯ್ಯಣ್ಣನ ಮಗಳು ಅಂತ ಬರೀರಿ."

ಅವರು ದೇವೇಂದ್ರನ ಮುಖ ನೋಡಿದರು. "ಅವ್ಳು ಹೇಳ್ದಂಗೆ ಬರೀರಿ ಸಾರ್, ನಾನು ಊಟದ ಡಬ್ಬಿ ಹಿಡ್ಕೊಂಡು ಬಂದಿದೀನಿ ಅಷ್ಟೇ" ಎಂದ ನನ್ನ ಗಂಡ.

ಮತ್ತೆ ಟೈಪ್ ಮಾಡಿಸಿದರು. ಮುಕ್ಕಾಲು ಗಂಟೆ ತಡ. ಯಾರೂ ಗೊಣಗಲಿಲ್ಲ, ನವ್ಯಶ್ರೀ ಕೂಡ. ಅವಳು ತನ್ನ ಕಾಗದದಲ್ಲಿ ತನ್ನ ಹೆಸರು ಹೇಗಿದೆ ಎಂದು ನೋಡಿಕೊಳ್ಳುತ್ತಿದ್ದಳು.

ಹೊಸ ವಂಶವೃಕ್ಷವೂ ಕೈಗೆ ಬಂದಿದೆ. ಅಮ್ಮ ಓದಲಾರಳು. ಬಸ್ಸಿನಲ್ಲಿ ಓದಿ ಹೇಳಿದೆ. "ಹೆಂಡತಿ ಮಾರಕ್ಕ, ವಯಸ್ಸು ಅರವತ್ತೆಂಟು, ಜೀವಂತ."

"ಅರವತ್ತಾರೇ ಇರ್ಬೇಕು" ಎಂದಳು.

ಜೂನ್ 18, ಬುಧವಾರ

ಪಹಣಿಯಲ್ಲಿ ಹೆಸರು ಬಂದಿದೆ. ಫೋನಿನಲ್ಲೇ ಕಾಣುತ್ತದೆ. ಟ್ರಿಪ್ಪಿನ ಮಧ್ಯೆ ಏಳು ಸಲ ನೋಡಿದೆ. ಡ್ರೈವರ್: "ಇವಾಗ ನೀವು ಜಮೀನ್ದಾರ್ರು ಮೇಡಂ. ಪಾರ್ಟಿ?" ಕೊಡಿಸಿದೆ, ಬಿಸಿ ಬಿಸಿ ಮದ್ದೂರು ವಡೆ.

ಆಮೇಲೆ ಯೋಚನೆ ಹತ್ತಿತು. ನನ್ನ ಹೊಲ ಎನ್ನುತ್ತೇನೆ. ರಾಗಿ ಎಷ್ಟು ಆಳಕ್ಕೆ ಬಿತ್ತುತ್ತಾರೆ, ಯಾವ ಮಳೆಗೆ ಬಿತ್ತುತ್ತಾರೆ, ಒಂದೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಸ್ಟಾಪುಗಳು. ಅಮ್ಮನಿಗೂ ಮರೆತಿದೆ. ಬೈರೇಶನನ್ನು ಕೇಳಬೇಕು. ಕೇಳುತ್ತೇನೆ, ಅದಕ್ಕೇನು? ಟಿಕೆಟ್ ಮೆಷಿನ್ ಬಂದಾಗಲೂ ಒಂದು ವಾರ ಬೇರೆಯವರನ್ನು ಕೇಳಿಯೇ ಕಲಿತದ್ದು.

ಅವನೇ ಮೊದಲು ಫೋನ್ ಮಾಡಿದ. "ಹದ ನೋಡಿ ಹೇಳ್ತೀನಿ. ರಜೆ ಹಾಕೋದು ಬೇಡ, ನಿಮ್ಮ ಗುರುವಾರನೇ ಇಟ್ಕೊಳ್ಳೋಣ."

ಜುಲೈ 31, ಗುರುವಾರ, ಬೆಳಿಗ್ಗೆ 7.20, ಹಳ್ಳದ ಹೊಲ

ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪುಸ್ತಕ ಬ್ಯಾಗಿನಲ್ಲೇ ಇತ್ತು. ಮೊನ್ನೆ ಒಳ್ಳೆಯ ಮಳೆ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬಿಟ್ಟರೆ ಪುಡಿ. ಅದೇ ಹದವಂತೆ. ದುರ್ಗದ ತಲೆಯ ಮೇಲೆ ಮೋಡ ಕೂತಿದೆ. ರಸ್ತೆಯಲ್ಲಿ ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗಿಯರು ಗಾಡಿ ನಿಲ್ಲಿಸಿ ನನ್ನ ಫೋಟೋ ತೆಗೆದರು, ರೈತ ಮಹಿಳೆ ಎಂದುಕೊಂಡಿರಬೇಕು. ತೆಗೆದುಕೊಳ್ಳಲಿ. ಸುಳ್ಳೇನಲ್ಲ.

ಅಮ್ಮ ಹಳ್ಳದ ಅಂಚಿನಲ್ಲಿ ಅಮ್ಮಯಮ್ಮನ ಜೊತೆ. ಸೊಪ್ಪು ಕೀಳುತ್ತ ಏನೋ ವಾದ ನಡೆದಿದೆ. ಚಿಕ್ಕಮ್ಮ ಎಂದು ಇವತ್ತು ಮೊದಲ ಸಲ ಕರೆದೆ. ಅವಳು ತಿರುಗದೆ "ಆಂ?" ಎಂದಳು, ಯಾವಾಗಲೂ ಹಾಗೇ ಕರೆಯುತ್ತಿದ್ದೆನೇನೋ ಎಂಬಂತೆ.

ಟ್ರ್ಯಾಕ್ಟರ್ ಬಂತು. ಬೈರೇಶ್ ಬದು ದಾಟಿಸಿ ನಿಲ್ಲಿಸಿದ್ದಾನೆ, ಇಂಜಿನ್ ಓಡುತ್ತಿದೆ. ಹತ್ತು ವರ್ಷ ಈ ನೆಲ ಉತ್ತವನು. ಯಾವ ಮೂಲೆ ಜೌಗು, ಎಲ್ಲಿ ಕಲ್ಲು, ನನಗಿಂತ ಅವನಿಗೆ ಗೊತ್ತು. ಆದರೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗುತ್ತಿದ್ದಾನೆ —

"ಅಕ್ಕಾ! ಯಾವ ಕಡೆಯಿಂದ ಶುರು ಮಾಡ್ಲಿ?"

ನಾನು ಹೇಳಬೇಕಂತೆ. ಅಮ್ಮನೂ ಚಿಕ್ಕಮ್ಮನೂ ವಾದ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಾರೆ. ಹೇಳುತ್ತೇನೆ. ಮೂಡಲ ಕಡೆ, ಆ ಗಡಿಕಲ್ಲಿನ ಪಕ್ಕದಿಂದ.